ಮೂರು ಒಡೆದ ಬಲ್ಬು

ಕೊಯ್ತಾ ಇಂದೂ ಅಕ್ಕನ ಕುತ್ತಿಗೆಯ ಮೇಲಿತ್ತು.

ನನ್ನ ಕುತ್ತಿಗೆಯ ಮೇಲಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನನ್ನ ಕುತ್ತಿಗೆ ಅಂಥದ್ದನ್ನು ಎರಡು ಸಲ ನೋಡಿದೆ... ಒಮ್ಮೆ ಕಾತ್ರಜ ಘಾಟಿನಲ್ಲಿ, ಒಮ್ಮೆ ಸೊಲ್ಲಾಪುರ ರಸ್ತೆಯ ಢಾಬಾದಲ್ಲಿ. ಆದರೆ ಅಕ್ಕನಿಗೆ ಅರವತ್ತಮೂರು ವರ್ಷ. ಮೊಣಕಾಲು ನೋವು. ಧಾರವಾಡದ ಹೆಣ್ಣುಮಗಳು. ಜೀವಮಾನದಲ್ಲಿ ಯಾರ ಜೊತೆಗೂ ಜಗಳವಾಡಿದವಳಲ್ಲ, ರಿಕ್ಷಾದವರನ್ನು ಬಿಟ್ಟರೆ!

ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಪುಣೆಯಲ್ಲಿ ಈಚೆಗೆ ಅದರಿಂದ ಕಬ್ಬು ಬಿಟ್ಟು ಬೇರೆಲ್ಲ ಕಡಿಯುತ್ತಾರೆ.

ಮೇ ತಿಂಗಳ ಅಮಾವಾಸ್ಯೆ. ರಾತ್ರಿ ಒಂಬತ್ತೂವರೆ. ಸುತ್ತ ಆಳೆತ್ತರದ ಕಬ್ಬು. ಮೂಗಿನ ತುಂಬ ಪೆಟ್ರೋಲ್ ವಾಸನೆ. ಬಂಕಿನಲ್ಲಿ ಬರುವಂಥ ವಾಸನೆಯಲ್ಲ... ಕಣ್ಣಲ್ಲಿ ನೀರು ತರಿಸುವಂಥದ್ದು. ಗಂಟಲು ಸುಡುವಂಥದ್ದು.

ಒಂದು ಬೀಡಿ ಸಾಕಿತ್ತು. ಯಾರೋ ಒಬ್ಬ ಒಂದು ಬೀಡಿ ಹಚ್ಚಿದ್ದರೆ ನಾನು ಇವತ್ತು ನಿಮ್ಮೆದುರು ಕೂತು ಚಹಾ ಕುಡಿಯುತ್ತಿರಲಿಲ್ಲ!

“ಒಂದು ಹೆಜ್ಜೆ ಮುಂದಿಟ್ಟರೆ ಮುದುಕಿಯ ತಲೆ ಕೆಳಗೆ,” ಎಂದ ಕೊಯ್ತಾ ಹಿಡಿದವನು.

ಅವನು ಆಡಿದ್ದು ಮರಾಠಿ. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ಬೈಗುಳ ಬಿಟ್ಟು ಹೇಳುತ್ತೇನೆ, ಇಲ್ಲದಿದ್ದರೆ ಕತೆ ಬೆಳಗಾದರೂ ಮುಗಿಯುವುದಿಲ್ಲ.

“ಇಲ್ಲೇ ನಿಂತಿದ್ದೇನೆ,” ಅಂದೆ. “ಎರಡೂ ಕೈ ಮೇಲೆತ್ತಿದ್ದೇನೆ, ನೋಡು.”

“ಎಷ್ಟು ಜನ ಇದ್ದೀರಿ?”

“ಇಬ್ಬರೇ.”

ಸುಳ್ಳು. ನಾವು ಮೂವರು. ಮೂರನೆಯವಳು ಇಂಪನಾ. ಮೈಸೂರಿನ ಹುಡುಗಿ, ಹಿಂಜವಡಿಯಲ್ಲಿ ಐಟಿ ಕೆಲಸ. ಅವಳು ನೂರೈವತ್ತು ಹೆಜ್ಜೆ ಮೇಲೆ, ಮಾಳದ ಬೋಳು ದಿಬ್ಬದ ಮೇಲಿದ್ದಳು. ಅವಳ ಬಲಗಣ್ಣು ಟೆಲಿಸ್ಕೋಪಿಗೆ ಅಂಟಿತ್ತು. ಕೆಳಗೆ ಏನು ನಡೆದಿದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ಕೊಯ್ತಾದವನಿಗೂ ಅವಳು ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಅದೊಂದೇ ಎಲೆ.

ಅಲ್ಲಿಗೆ ಹೇಗೆ ಬಂದು ಸಿಕ್ಕಿಬಿದ್ದೆವು, ಅದನ್ನು ಹೇಳಿಬಿಡುತ್ತೇನೆ.

ನನ್ನ ಹೆಸರು ಮಾಂತು. ಗೋಕಾಕದ ಕಡೆಯವನು. ಹದಿನಾರು ವರ್ಷ ಟ್ಯಾಂಕರ್ ಓಡಿಸಿದೆ. ಬೆನ್ನು ಕೈಕೊಟ್ಟಿತು, ಬಿಟ್ಟೆ. ಈಗ ಧನಕವಡಿಯಲ್ಲಿ ಒಂದು ರೂಮು, ಒಂದು ಹಳೆಯ ಬೊಲೆರೊ. ಕೆಲಸ... ಕತ್ತಲು ಹುಡುಕಿಕೊಡುವುದು!

ನಗಬೇಡಿ. ಪುಣೆಯಲ್ಲಿ ಆಕಾಶ ನೋಡುವ ಹುಚ್ಚಿನವರು ಬಹಳ ಜನ ಇದ್ದಾರೆ. ಊರೊಳಗೆ ತಲೆ ಎತ್ತಿದರೆ ಹತ್ತು ನಕ್ಷತ್ರ ಕಂಡರೆ ಹೆಚ್ಚು. ಕತ್ತಲು ಎಲ್ಲಿದೆ ಅಂತ ಮೊಬೈಲಿನ ಮ್ಯಾಪು ಹೇಳುತ್ತದೆ. ಆದರೆ ಆ ಕತ್ತಲಲ್ಲಿ ಕಟ್ಟೆಯಿಲ್ಲದ ಬಾವಿ ಇದೆಯೇ? ನಾಯಿ ಬಿಟ್ಟಿದ್ದಾರೆಯೇ? ಹೊಲದವನು ಕುಡಿದು ಬಂದು ತಕರಾರು ತೆಗೆಯುತ್ತಾನೆಯೇ? ಹೆಂಗಸರಿಗೆ ಹೋಗಿಬರಲು ಮರೆ ಇದೆಯೇ? ಅದು ಮ್ಯಾಪಿನಲ್ಲಿಲ್ಲ. ಅದಕ್ಕೇ ನನ್ನನ್ನು ಕರೆಯುತ್ತಾರೆ.

ಒಂದು ಜಾಗಕ್ಕೆ ಎರಡು ಸಲ ಹೋಗುತ್ತೇನೆ. ಹಗಲಲ್ಲಿ ಹೋಗಿ ನೆಲ ನೋಡುತ್ತೇನೆ. ರಾತ್ರಿ ಹೋಗಿ ಮೋಡ ನೋಡುತ್ತೇನೆ. ಮೋಡ ಬೆಳ್ಳಗಿದ್ದರೆ ಊರಿನ ಬೆಳಕು ಬಡಿಯುತ್ತಿದೆ ಅಂತ ಲೆಕ್ಕ, ವಾಪಸ್ ಬರುತ್ತೇನೆ. ಮೋಡ ಆಕಾಶಕ್ಕಿಂತ ಕಪ್ಪಗಿದ್ದರೆ... ಬಂಗಾರ!

ದೌಂಡ ದಾಟಿ, ರೈಲ್ವೆ ಗೇಟು ದಾಟಿ, ಕಬ್ಬಿನ ನಡುವೆ ಒಂದು ಬೋಳು ಮಾಳ. ಮೇಲೆ ತಗಡು ಹಾರಿಹೋದ ಕೋಳಿ ಶೆಡ್ಡು. ದಕ್ಷಿಣಕ್ಕೆ ಪೂರ್ತಿ ತೆರೆದ ಆಕಾಶ. ಬಾರಾಮತಿಯ ಬೆಳಕು ದೂರದಲ್ಲಿ ಬೆರಳಷ್ಟು. ಏಪ್ರಿಲ್ ಮೊದಲಲ್ಲಿ ಹಗಲು ಬಂದಾಗ ಕೆಳಗಿನ ದಾರಿಯಲ್ಲಿ ಮೂರು ಕಂಬ ಕಂಡವು. ಮೂರಕ್ಕೂ ದೊಡ್ಡ ಬಲ್ಬು. ‘ಹೋಯಿತು, ಜಾಗ ಕೆಟ್ಟಿತು’ ಅಂದುಕೊಂಡೆ. ಆದರೂ ಪದ್ಧತಿ ಬಿಡಬಾರದು ಅಂತ ಏಪ್ರಿಲ್ ಕೊನೆಗೆ ರಾತ್ರಿ ಬಂದೆ.

ಮೂರೂ ಬಲ್ಬು ಒಡೆದಿದ್ದವು!

ಬೇರೆ ಯಾರಾದರೂ ಆಗಿದ್ದರೆ ನಿಂತು ಯೋಚಿಸುತ್ತಿದ್ದರು. ಯಾರು ಒಡೆದರು? ಯಾಕೆ ಒಡೆದರು?

ನಾನು ಏನು ಮಾಡಿದೆ ಗೊತ್ತೇ? ಒಡೆದ ಪುಣ್ಯಾತ್ಮನಿಗೆ ಅಲ್ಲೇ ಕೈಮುಗಿದೆ. ಇಂದೂ ಅಕ್ಕನಿಗೆ ಫೋನು ಹಚ್ಚಿದೆ.

“ಜಾಗಾ ಸಿಕ್ತ್ರಿ ಅಕ್ಕಾರ! ಭಾಳ ಛಲೋ ಕತ್ತಲ ಅದ!”

ಕತ್ತಲು ಮಾರುವವನಿಗೆ ಒಡೆದ ಬಲ್ಬಿನಲ್ಲಿ ಲಾಭ ಕಾಣುತ್ತದೆ, ಕಳ್ಳ ಕಾಣುವುದಿಲ್ಲ. ಅಷ್ಟೇ ನನ್ನ ತಪ್ಪು. ಆ ತಪ್ಪಿಗೆ ಕೊಯ್ತಾ ಬಂದದ್ದು ಮಾತ್ರ ಅಕ್ಕನ ಕುತ್ತಿಗೆಗೆ.

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆದವಳು. ಫಿಲ್ಮು ತೊಳೆಯುವ ಕತ್ತಲಕೋಣೆಯಲ್ಲೇ ಅರ್ಧ ಆಯುಷ್ಯ ಕಳೆದವಳು. ಈಗ ಅವಳದೊಂದು ನಕ್ಷತ್ರ ನೋಡುವ ಗುಂಪು. ಮರುದಿನ ಶನಿವಾರ ನಲವತ್ತು ಜನ, ಮಕ್ಕಳುಮರಿ ಕಟ್ಟಿಕೊಂಡು, ಈ ಮಾಳಕ್ಕೆ ಬರುವವರಿದ್ದರು. ಅದಕ್ಕೇ ಶುಕ್ರವಾರ ಬೆಳಕಿರುವಾಗಲೇ ನಾವು ಮೂವರು ಮೊದಲು ಬಂದು ನೋಡಿದ್ದು.

ಒಂಬತ್ತಕ್ಕೆ ದಕ್ಷಿಣದಲ್ಲಿ ಅವಳು ಕಾಯುತ್ತಿದ್ದದ್ದು ಸಿಕ್ಕಿತು. ಒಂದು ದೊಡ್ಡ ನಕ್ಷತ್ರಗುಚ್ಛ.

“ಮಾಂತು, ಬಾ ಇಲ್ಲೆ! ಕರೀ ಕಂಬಳಿ ಮ್ಯಾಲೆ ಸಕ್ಕರಿ ಚೆಲ್ಲಿಧಂಗ ಅದ!”

“ಸೂಪರಾಗಿದೆ ಮೇಡಂ,” ಅಂದಳು ಇಂಪನಾ. “ಎಷ್ಟು ದೂರ ಇರತ್ತೆ?”

“ಹದಿನೇಳು ಸಾವಿರ ಜ್ಯೋತಿರ್ವರ್ಷ. ನೋಡಕೋತ ಇರು, ನಾ ಒಂದೈದು ಮಿನಿಟ್ ಕಬ್ಬಿನ ಕಡೆ ಹೋಗಿಬರ್ತೀನಿ.”

ಕೈಯಲ್ಲಿ ಪುಟ್ಟ ಕೆಂಪು ಟಾರ್ಚು. ಈ ಜನ ಬಿಳಿ ಬೆಳಕು ಹಚ್ಚುವುದಿಲ್ಲ, ಕತ್ತಲಿಗೆ ಹೊಂದಿದ ಕಣ್ಣು ಕೆಡುತ್ತದೆ ಅಂತ. ಐದು ಮಿನಿಟು ಹತ್ತಾಯಿತು. ಹದಿನೈದಾಯಿತು. ನಾನು ಕೆಳಗಿಳಿದೆ. ಅರ್ಧ ಇಳಿದ ಮೇಲೆ ವಾಸನೆ ಬಡಿಯಿತು. ಅಲ್ಲಿಯವರೆಗೆ ಗಾಳಿ ಮಾಳದಿಂದ ಕೆಳಕ್ಕೆ ಬೀಸುತ್ತಿತ್ತು, ಒಂದಿಷ್ಟೂ ಗೊತ್ತಾಗಿರಲಿಲ್ಲ.

ಹದಿನಾರು ವರ್ಷ ಆ ವಾಸನೆ ಹೊತ್ತು ತಿರುಗಿದವನು ನಾನು. ನೋಡುವ ಮೊದಲೇ ತಿಳಿಯಿತು... ಪೈಪ್‌ಲೈನು!

ಕಬ್ಬಿನ ನಡುವೆ ಒಂದು ಗುಂಡಿ. ಗುಂಡಿಯ ತಳದಲ್ಲಿ ಎಣ್ಣೆ ಕಂಪನಿಯೊಂದರ ಪೈಪು. ಪೈಪಿಗೆ ತೂತು ಕೊರೆದು ವಾಲ್ವು ಕೂರಿಸಿದ್ದರು. ವಾಲ್ವಿನಿಂದ ತೊಡೆದಪ್ಪದ ರಬ್ಬರ್ ಪೈಪು, ಅದರ ಆಚೆ ತುದಿಗೆ ಲೈಟಿಲ್ಲದೆ ನಿಂತ ಟ್ಯಾಂಕರ್. ಬೆಂಕಿಗೆ ಹೆದರಿ ಒಬ್ಬರೂ ಟಾರ್ಚು ಹಚ್ಚಿರಲಿಲ್ಲ. ಮೊಬೈಲೂ ಬಂದ್.

ಆ ಕತ್ತಲಲ್ಲಿ ಕೆಂಪು ದೀಪ ಹಿಡಿದು ನೆಟ್ಟಗೆ ಅವರ ನಡುವೆಯೇ ನಡೆದು ಬಂದಿದ್ದಳು ಅಕ್ಕ!

ಈಗ ಕೊಯ್ತಾದವನ ಹಿಂದಿನಿಂದ ಇನ್ನೊಬ್ಬ ಬಂದ. ಗಿಡ್ಡ. ಅಗಲ ಭುಜ. ನಡಿಗೆಯಲ್ಲಿ ಅವಸರವಿಲ್ಲ. ಅವಸರವಿಲ್ಲದವರಿಗೇ ನಾನು ಹೆಚ್ಚು ಹೆದರುವುದು.

“ಅಮರ, ಯಾರು ಇವನು?”

“ಮುದುಕಿಯ ಕಡೆಯವನು, ಋಷಿಕೇಶಭಾವು. ಇಬ್ಬರೇ ಅಂತೆ.”

ಋಷಿಕೇಶ ನನ್ನ ಹತ್ತಿರ ಬಂದು ಮೂಸಿದ. ನಿಜವಾಗಿ ಮೂಸಿದ, ನಾಯಿಯ ಹಾಗೆ.

“ಪೊಲೀಸ್ ಅಲ್ಲ. ಯಾರು ಕಳಿಸಿದರು? ಕಂಪನಿಯವರೇ?”

“ಯಾರೂ ಅಲ್ಲ. ನಕ್ಷತ್ರ ನೋಡಲು ಬಂದೆವು.”

ಮುಷ್ಟಿ ಹೊಟ್ಟೆಗೆ ಬಿತ್ತು. ಬಗ್ಗಿದೆ.

“ಪುಣೆಯಿಂದ ಎಂಬತ್ತು ಕಿಲೋಮೀಟರು... ಮುದುಕಿಯನ್ನು ಕಟ್ಟಿಕೊಂಡು... ಅಮಾವಾಸ್ಯೆಯ ದಿನ... ನಕ್ಷತ್ರ?”

“ಅಮಾವಾಸ್ಯೆಗೇ ಚೆನ್ನಾಗಿ ಕಾಣುವುದು.”

ಬೂಟು ಪಕ್ಕೆಗೆ ಬಿತ್ತು. ಒಣ ಕಡ್ಡಿ ಮುರಿದ ಸದ್ದು. ಕಡ್ಡಿಯಲ್ಲ, ನನ್ನ ಎಲುಬು!

ನಿಜ ಹೇಳಿದರೆ ಇಷ್ಟು ಬೀಳುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯ ಸುಳ್ಳೊಂದನ್ನು ಹೊಂದಿಸಿಕೊಂಡು ಬರುತ್ತಿದ್ದೆ.

“ಟ್ಯಾಂಕರ್ ತುಂಬಲು ಇನ್ನೆಷ್ಟು ಹೊತ್ತು, ಅಣ್ಣಾ?” ಋಷಿಕೇಶ ಕತ್ತಲಿಗೆ ಕೇಳಿದ.

“ಹತ್ತು ಮಿನಿಟು,” ಟ್ಯಾಂಕರಿನ ನೆರಳಿನಿಂದ ವಯಸ್ಸಾದ ದನಿ. ಡ್ರೈವರ್ ಇರಬೇಕು.

“ಸರಿ. ತುಂಬಿದ ಮೇಲೆ ಇವರಿಬ್ಬರನ್ನೂ ಗುಂಡಿಗೆ ಇಳಿಸು. ವಾಲ್ವು ತೆರೆದೇ ಇರಲಿ. ದೂರದಿಂದ ಒಂದು ಚಿಂದಿ ಹಚ್ಚಿ ಎಸೆದರೆ ಮುಗಿಯಿತು. ನಾಳೆ ಪೇಪರಿನಲ್ಲಿ ಬರುತ್ತದೆ... ಎಣ್ಣೆ ಕಳ್ಳರಿಬ್ಬರು ಸುಟ್ಟು ಬೂದಿ. ನಮ್ಮನ್ನು ಹುಡುಕುವವರೇ ಇರುವುದಿಲ್ಲ.”

ಅಮರ ನಕ್ಕ. ಕೊಯ್ತಾ ಅಲುಗಿತು. ಅಕ್ಕನ ಕುತ್ತಿಗೆಯಲ್ಲಿ ಸಣ್ಣ ಕಪ್ಪು ಗೆರೆ ಮೂಡಿತು. ಕತ್ತಲಲ್ಲಿ ರಕ್ತ ಕಪ್ಪು.

“ಕೇಳಿದೇನು, ಮಾಂತು?” ಅಂದಳು ಅಕ್ಕ. ದನಿ ನಡುಗುತ್ತಿತ್ತು. ಹೆದರಿಕೆಗಲ್ಲ, ಸಿಟ್ಟಿಗೆ! “ನನ್ನನ್ನ ಕಳ್ಳಿ ಅಂತ ಪೇಪರ್‌ನಾಗ ಹಾಕಸ್ತಾನಂತ ಇಂವ!”

ಹತ್ತು ಮಿನಿಟು. ಒಂದು ಮುರಿದ ಎಲುಬು. ಎದುರಿಗೆ ಮೂವರು. ಮೇಲೆ ಏನೂ ಅರಿಯದ ಒಂದು ಹುಡುಗಿ.

ಪುಣೆಯ ನಮ್ಮ ಕನ್ನಡದವರಿಗೆ ಒಂದು ಚಟವಿದೆ, ನಿಮಗೂ ಗೊತ್ತಿರಬೇಕು. ಗುಟ್ಟಿನ ಮಾತೆಲ್ಲ ನಾಲ್ಕು ಜನರೆದುರು ಜೋರಾಗಿ ಆಡುವುದು. ಸೀರೆ ಅಂಗಡಿಯವನ ಮುಖ ನೋಡುತ್ತಲೇ, ‘ಇಂವ ಡಬಲ್ ಹೇಳ್ತಾನ, ಏಳ್ರಿ ಹೋಗೂಣು’ ಅನ್ನುವುದು. ಯಾರಿಗೆ ತಿಳಿಯುತ್ತದೆ ಅನ್ನುವ ಧೈರ್ಯ.

ಆ ಧೈರ್ಯವನ್ನೇ ನಂಬಿದೆ. ಆದರೆ ಎಚ್ಚರ ಬೇಕಿತ್ತು. ಫೋನು, ಗಾಡಿ, ಲೈಟು, ಹಾರ್ನು ಅಂದರೆ ಯಾರಿಗಾದರೂ ತಿಳಿಯುತ್ತದೆ. ಚಾವಿ ಅಂತೂ ಮರಾಠಿಯಲ್ಲೂ ಚಾವಿಯೇ! ಟ್ಯಾಂಕರ್ ಓಡಿಸಿ ಕೆಟ್ಟ ಈ ನಾಲಗೆಯಿಂದ, ಮುರಿದ ಎಲುಬು ಇಟ್ಟುಕೊಂಡು, ಅಚ್ಚ ಕನ್ನಡ ಹೊರಡಿಸಬೇಕಿತ್ತು.

ಮಂಡಿಯೂರಿ ಬಿದ್ದೆ. ಎದೆ ಬಡಿದುಕೊಂಡೆ. ಮಾಳದ ಕಡೆ ಮುಖ ಮಾಡಿ ಬಾಯಿಬಾಯಿ ಬಡಿದುಕೊಂಡು ಅತ್ತೆ.

“ಯಲ್ಲವ್ವಾ! ನಮ್ಮವ್ವಾ! ಮ್ಯಾಲೆ ಕುಂತಾಕಿ, ಕೇಳಬೇ! ಅಕ್ಕಾರ ಕುತ್ತಿಗಿಗೆ ಕತ್ತಿ ಹಿಡದಾರ! ಕೈಯಾಗಿಂದು ಬೆಳಗಸಬ್ಯಾಡ! ಬೀಗದಕೈ ಕುಂಡ್ರೂ ಜಾಗದ ಬುಡಕ ಅದ ತಾಯೀ! ನೂರು ಎಣಸು! ನೂರು ಎಣಸಿ ನಾಕ ಗಾಲಿಯಾಕಿಯ ಎರಡೂ ಕಣ್ಣು ಪೂರಾ ತಗದಬಿಡು! ಆಕೀನ್ನ ಒದರಸು! ಅಕ್ಕಾರ, ಅಷ್ಟೊತ್ತಿಗೆ ನೀವು ಕಣ್ಣ ಮುಚಗೋರೀ... ಯವ್ವಾ... ಯಲ್ಲವ್ವಾ!”

ಮಾಳದ ಮೇಲೆ ನಿಂತ ಬೊಲೆರೊ ತಿರುಗಿಸುವ ಕೆಲಸ ಇರಲಿಲ್ಲ. ಆಕಾಶ ನೋಡುವವರು ಗಾಡಿಯನ್ನು ಹೊರಡುವ ದಿಕ್ಕಿಗೆ ಮುಖ ಮಾಡಿಯೇ ನಿಲ್ಲಿಸುತ್ತಾರೆ, ಹಿಂದೆಮುಂದೆ ಮಾಡುವಾಗ ಲೈಟು ಬೇರೆಯವರ ಕಣ್ಣಿಗೆ ಹೊಡೆಯಬಾರದು ಅಂತ. ಹೊರಡುವ ದಾರಿ ಈ ಕಬ್ಬಿನ ಕಡೆಗೇ ಇತ್ತು. ಚಾವಿ ತಿರುಗಿಸಿ ಹೈ-ಬೀಮ್ ಒತ್ತಿದರೆ ಸಾಕು.

ಕೂಗಿ ಮುಗಿಸಿದೆ. ಮನಸ್ಸಿನಲ್ಲಿ ಎಣಿಸತೊಡಗಿದೆ. ಒಂದು... ಎರಡು... ಮೂರು...

ಆಗ ಟ್ಯಾಂಕರಿನ ನೆರಳಿನಿಂದ ಆ ಮುದಿ ದನಿ ಬಂತು. ಮೆಲ್ಲಗೆ. ಕನ್ನಡದಲ್ಲಿ!

“ಯಲ್ಲವ್ವಗ ಬೀಗದಕೈ ಯಾಕ ಬೇಕೋ, ತಮ್ಮಾ?”



ಎಣಿಕೆ ತಪ್ಪಿತು.

“ಏನಂದ ಅವನು?” ಋಷಿಕೇಶ ತಿರುಗಿದ. “ಅಣ್ಣಾ, ಇದು ನಿನ್ನ ಭಾಷೆಯಲ್ಲವೇ? ಏನು ಕಿರುಚಿದ ಇವನು?”

ಮುದುಕ ಬಾಯಲ್ಲಿದ್ದ ತಂಬಾಕು ಉಗುಳಿದ. ರಬ್ಬರ್ ಪೈಪಿನಲ್ಲಿ ಪೆಟ್ರೋಲ್ ಬುಸುಗುಡುತ್ತಿತ್ತು. ಅವನ ಒಂದು ಮಾತು... ಒಂದೇ ಮಾತು, ನಾವು ಮೂವರೂ ಗುಂಡಿಯಲ್ಲಿ. ಮೂವರೂ! ಇಂಪನಾಳನ್ನು ಕೂಗಿ ಕೂಗಿ ತೋರಿಸಿಕೊಟ್ಟವನು ನಾನೇ ಆಗಿದ್ದೆ.

“ಹರಕೆ ಹೊರುತ್ತಿದ್ದಾನೆ,” ಅಂದ ಮುದುಕ, ಮರಾಠಿಯಲ್ಲಿ. “ಬದುಕಿ ಉಳಿದರೆ ದೇವಿಗೆ ಬೆಳ್ಳಿಯ ಎರಡು ಕಣ್ಣು ಮಾಡಿಸುತ್ತಾನಂತೆ.”

“ಅದಕ್ಕೆ ಇಷ್ಟು ಕಿರುಚಬೇಕೇ?”

“ನಮ್ಮ ಕಡೆಯ ದೇವರಿಗೆ ಕಿವಿ ಸ್ವಲ್ಪ ಮಂದ, ಭಾವು.”

ಅಮರ ಮತ್ತೆ ನಕ್ಕ. ನಾನು ನೆಲಕ್ಕೆ ಹಣೆ ಹಚ್ಚಿಕೊಂಡು ಮತ್ತೆ ಎಣಿಸತೊಡಗಿದೆ. ಎಲ್ಲಿಗೆ ಬಂದಿದ್ದೆ? ನಲವತ್ತು ಅಂತಿಟ್ಟುಕೊಂಡೆ. ಐವತ್ತು... ಎಪ್ಪತ್ತು... ತೊಂಬತ್ತು...

ನೂರು.

ಏನೂ ಇಲ್ಲ!

ನೂರ ಹತ್ತು. ನೂರ ಇಪ್ಪತ್ತು. ಮಾಳ ಮಾಳದ ಹಾಗೇ ಕಪ್ಪಗೆ ಕೂತಿತ್ತು.

“ತುಂಬಿತು,” ಅಂದ ಮುದುಕ.

“ಮುದುಕಿ ಮೊದಲು,” ಅಂದ ಋಷಿಕೇಶ.

ಅಮರ ಅಕ್ಕನ ಜಡೆ ಹಿಡಿದು ಎಳೆದ. ಅಕ್ಕನ ಚಪ್ಪಲಿ ಹಸಿಮಣ್ಣಿನಲ್ಲಿ ಜಾರಿತು. ಗುಂಡಿಯ ಅಂಚು ಎರಡು ಹೆಜ್ಜೆ. ಒಂದು ಹೆಜ್ಜೆ...

“ಕಣ್ಣ ಮುಚ್ಚೇನಿ, ಮಾಂತು!” ಅಂತ ಕೂಗಿದಳು ಅಕ್ಕ.

ನಾನೂ ಮುಚ್ಚಿದೆ.

ಮುಚ್ಚಿದ ರೆಪ್ಪೆಯೊಳಗೇ ಜಗತ್ತು ಕೆಂಪಾಯಿತು! ಹಾರ್ನು ಹೊಡೆದುಕೊಂಡಿತು, ನಿಲ್ಲದ ಹಾಗೆ... ಬೊಲೆರೊದ ಹೈ-ಬೀಮ್ ಮಾಳದಿಂದ ನೇರ ಗುಂಡಿಗೆ ಬಿದ್ದಿತ್ತು. ಎರಡು ತಾಸು ಕತ್ತಲಲ್ಲಿ ಅರಳಿಸಿಕೊಂಡಿದ್ದ ಕಣ್ಣುಗಳಿಗೆ ಅದು ಬೆಳಕಲ್ಲ, ಸೂಜಿ!

ಅಮರ ಅರಚಿದ. ಮುಖ ಮುಚ್ಚಿಕೊಳ್ಳಲು ಕೈಯೆತ್ತಿದ. ಕೊಯ್ತಾ ಅಕ್ಕನ ಕುತ್ತಿಗೆಯಿಂದ ದೂರವಾಯಿತು.

ಅಷ್ಟೇ ಬೇಕಿತ್ತು.

ಬೆಳಕಿಗೆ ಬೆನ್ನು ಮಾಡಿ ಕಣ್ಣು ತೆರೆದೆ. ಹಾರಿದೆ. ಅವನ ಮಣಿಕಟ್ಟು ಹಿಡಿದು ಮೊಣಕಾಲಿನ ಮೇಲೆ ಬಡಿದೆ. ಮುರಿಯಿತು. ಕೊಯ್ತಾ ಬೀಳುವ ಮೊದಲು ನನ್ನ ಎಡಗೈಯನ್ನು ಮೊಣಕೈವರೆಗೆ ಸೀಳಿಕೊಂಡು ಹೋಯಿತು. ನೋವು ಆಮೇಲೆ ನೋಡಿಕೊಂಡರಾಯಿತು! ತಲೆಯಿಂದ ಅವನ ಮೂಗಿಗೆ ಗುದ್ದಿದೆ. ಒಮ್ಮೆ. ಇನ್ನೊಮ್ಮೆ. ಅವನು ಗುಂಡಿಯ ಅಂಚಿನಲ್ಲಿ ಮೂಟೆಯ ಹಾಗೆ ಕುಸಿದ.

“ಅಕ್ಕಾರ, ಮ್ಯಾಲೆ! ಓಡ್ರಿ!”

“ಮೊಣಕಾಲು...”

“ಆಮ್ಯಾಲ ನೋಡೂಣ್ರಿ!”

ಋಷಿಕೇಶ ಕುರುಡನ ಹಾಗೆ ತಡವರಿಸುತ್ತಿದ್ದ. ಕಣ್ಣಿಂದ ನೀರು ಸುರಿಯುತ್ತಿತ್ತು. ಆದರೆ ಕೈ ಸೊಂಟಕ್ಕೆ ಹೋಗಿತ್ತು. ಕಟ್ಟಾ! ನಾಡಪಿಸ್ತೂಲು!

ಪೆಟ್ರೋಲ್ ಹಬೆಯ ನಡುವೆ!

“ಹೊಡೆಯಬೇಡ ಭಾವು! ಎಲ್ಲರೂ ಸಾಯುತ್ತೇವೆ!” ಮುದುಕ ಕೂಗಿದ.

ಋಷಿಕೇಶನಿಗೆ ಕೇಳಿಸಿರಲಿಲ್ಲ, ಅಥವಾ ಕೇಳಿಸಿಯೂ ಬೇಡವಾಗಿತ್ತು. ನನ್ನ ದನಿ ಬಂದ ಕಡೆ ನಳಿಗೆ ತಿರುಗಿಸಿದ.

ಆಗ ಮುದುಕ ಬೆಳಕಿಗೆ ಬಂದ. ನನ್ನ ಕೂಗು ತಿಳಿದವನು, ಅವನೂ ಕಣ್ಣು ಮುಚ್ಚಿಕೊಂಡಿದ್ದಿರಬೇಕು. ಬಿಳಿ ಗಡ್ಡ, ಎಣ್ಣೆ ಬನಿಯನ್ನು, ಕೈಯಲ್ಲಿ ಟಾಮಿ. ಲಾರಿ ಚಕ್ರದ ನಟ್ಟು ಬಿಚ್ಚುವ ಕಬ್ಬಿಣದ ರಾಡು. ಯಾವ ಅವಸರವೂ ಇಲ್ಲದೆ, ಹಳೇ ನಟ್ಟಿಗೆ ಹಾಕುವಂಥ ಏಟನ್ನು ಋಷಿಕೇಶನ ಭುಜಕ್ಕೆ ಹಾಕಿದ.

ಭುಜ ಜೋತುಬಿತ್ತು. ಋಷಿಕೇಶ ಕಬ್ಬಿನೊಳಗೆ ಉರುಳಿದ. ಕಟ್ಟಾ ಮಾತ್ರ ಕೈ ಬಿಡಲಿಲ್ಲ.

“ನಿಂತ ಏನ ನೋಡ್ತಿ? ಅವ್ವಾರ್ನ ಕರಕೊಂಡ ಹೋಗೋ!” ಅಂದ ಮುದುಕ ನನಗೆ.

ಅಕ್ಕನನ್ನು ಹೆಗಲ ಮೇಲೆ ಹಾಕಿಕೊಂಡೆ. ಮಾಳ ಹತ್ತಿದೆ. ಎದುರಿನ ಬೆಳಕಿಗೆ ಏನೂ ಕಾಣದು. ಕಾಲ ಕೆಳಗೆ ಕಲ್ಲು, ಜಾಲಿ ಮುಳ್ಳು. ಎಡಗೈಯಿಂದ ರಕ್ತ. ಪ್ರತಿ ಉಸಿರಿಗೂ ಎಲುಬು ಒಳಗೆ ಚುಚ್ಚುತ್ತಿತ್ತು. ಬೆನ್ನು ಕೈಕೊಟ್ಟಿತು ಅಂತ ಕೆಲಸ ಬಿಟ್ಟವನು ನಾನು, ನೆನಪಿರಲಿ!

“ಇಳಸು ಮಾಂತು, ನಾ ನಡೀತೀನಿ...”

“ಸುಮ್ಮನ ಕುಂಡ್ರಿ ಅಕ್ಕಾರ!”

ಹಿಂದೆ ಕಬ್ಬು ಮುರಿಯುವ ಸದ್ದು. ಬರುತ್ತಿದ್ದ. ಹತ್ತಿರ... ಇನ್ನೂ ಹತ್ತಿರ...

ಬೊಲೆರೊ ಮುಟ್ಟಿದೆ. ಸ್ಟಿಯರಿಂಗ್ ಹಿಂದೆ ಇಂಪನಾ. ಮುಖ ಸುಣ್ಣದ ಹಾಗೆ. ಒಂದು ಕೈ ಇನ್ನೂ ಹಾರ್ನಿನ ಮೇಲೆ.

“ನೂರು ಎಣಿಸಿದ್ಯಾ, ಸಾವಿರ ಎಣಿಸಿದ್ಯಾ ತಾಯಿ?”

“ನೂರು ಸೆಕೆಂಡು ಅಂದ್ರೆ ನೂರು ಸೆಕೆಂಡೇ ಅಲ್ವಾ ಸರ್? ನೀವು ಬೇಗ ಬೇಗ ಎಣಿಸಿರ್ತೀರ!”

ಅಕ್ಕನನ್ನು ಹಿಂದಿನ ಸೀಟಿಗೆ ತಳ್ಳಿದೆ. ಅದೇ ಗಳಿಗೆಗೆ ಗುಂಡು ಹಾರಿತು. ಪಕ್ಕದ ಗಾಜು ಪುಡಿಪುಡಿ. ಇಂಪನಾ ಕಿರುಚಿದಳು. ಇಲ್ಲಿ ಹಬೆಯಿಲ್ಲ, ಅವನಿಗೆ ಈಗ ಯಾವ ಹೆದರಿಕೆಯೂ ಇಲ್ಲ.

ಹೈ-ಬೀಮಿನ ನಡುವೆ ಋಷಿಕೇಶ ನಿಂತಿದ್ದ. ಒಂದು ಕೈ ಜೋತಾಡುತ್ತಿತ್ತು. ಕಟ್ಟಾವನ್ನು ತೊಡೆಯ ನಡುವೆ ಸಿಕ್ಕಿಸಿ, ಒಂದೇ ಕೈಯಲ್ಲಿ ಇನ್ನೊಂದು ಗುಂಡು ತುಂಬುತ್ತಿದ್ದ. ಅದರಲ್ಲಿ ಒಂದು ಸಲಕ್ಕೆ ಒಂದೇ ಗುಂಡು.

ಹತ್ತು ಹೆಜ್ಜೆ. ಓಡಿದೆ.

ತುಂಬಿದ. ಎತ್ತಿದ. ನಾನು ಮೈಮೇಲೆ ಬಿದ್ದೆ. ಗುಂಡು ಆಕಾಶಕ್ಕೆ ಹೋಯಿತು. ಇಬ್ಬರೂ ಉರುಳಿದೆವು. ಅವನಿಗೂ ಒಂದೇ ಕೈ, ನನಗೂ ಒಂದೇ ಕೈ. ಆದರೆ ಅವನಿಗೆ ಮೂವತ್ತು ವರ್ಷ, ನನಗೆ ನಲವತ್ತೇಳು. ಲೆಕ್ಕ ಬೇಗ ಮುಗಿಯಿತು. ಅವನ ಮೊಣಕಾಲು ನನ್ನ ಮುರಿದ ಪಕ್ಕೆಯ ಮೇಲೆ ಏರಿತು. ಬೆರಳು ನನ್ನ ಗಂಟಲಿಗೆ ಇಳಿಯಿತು. ಅವನ ತಲೆಯ ಹಿಂದೆ ನಕ್ಷತ್ರಗಳು ಒಂದೊಂದೇ ಆರತೊಡಗಿದವು...

“ಮಾಂತು ಸರ್! ಎಡಗಡೆ! ಎಡಗಡೆ ಉರುಳಿ!”

ಉರುಳಿದೆ. ಎಲ್ಲಿಂದ ಬಲ ಬಂತೋ!

ಬೊಲೆರೊ ಗಕ್ಕನೆ ಜಿಗಿಯಿತು. ಬಂಪರ್ ಋಷಿಕೇಶನನ್ನು ಎತ್ತಿ ಶೆಡ್ಡಿನ ಗೋಡೆಗೆ ಎಸೆಯಿತು. ತೊಡೆಯ ಎಲುಬು ಮುರಿದದ್ದು ಇಂಜಿನ್ ಸದ್ದಿನಲ್ಲೂ ಕೇಳಿಸಿತು.

“ಸಾರಿ! ಅಯ್ಯೋ ಸಾರಿ! ಸಾರಿ ಸಾರಿ!” ಕಿಟಕಿಯಿಂದ ತಲೆ ಹಾಕಿ ಇಂಪನಾ ಕೂಗುತ್ತಿದ್ದಳು. ಅವನಿಗೆ!

ಅವಳು ಲೈಸೆನ್ಸು ತೆಗೆದದ್ದು ಐದು ವರ್ಷದ ಹಿಂದೆ, ಆಮೇಲೆ ಗಾಡಿ ಮುಟ್ಟಿದ್ದು ಅವತ್ತೇ ಅನ್ನುವುದು ನನಗೆ ಮರುದಿನ ತಿಳಿಯಿತು. ಒಳ್ಳೆಯದೇ ಆಯಿತು. ಮೊದಲೇ ತಿಳಿದಿದ್ದರೆ ಎಡಕ್ಕೆ ಉರುಳಲು ಯೋಚಿಸುತ್ತಿದ್ದೆ.

ಅಕ್ಕ ಇಳಿದು ಬಂದಳು. ಕುತ್ತಿಗೆಯ ರಕ್ತ ಒರೆಸಿಕೊಳ್ಳಲೂ ಇಲ್ಲ. ಓಢಣಿ ಹರಿದು ನನ್ನ ತೋಳಿಗೆ ಬಿಗಿದಳು. ಇಂಪನಾ ಫೋನು ತೆಗೆದು ೧೧೨ ಒತ್ತಿದಳು. ಇಪ್ಪತ್ತು ಮಿನಿಟಿಗೆ ಬರುತ್ತೇವೆ ಅಂದರು.

ಆಗ ಕಲ್ಲಿನ ಮೇಲೆ ಹೆಜ್ಜೆ ಸದ್ದು. ಮುದುಕ. ಕೈಯಲ್ಲಿ ಟಾಮಿ.

ನಾನು ಅಕ್ಕನ ಮುಂದೆ ಬಂದು ನಿಂತೆ.

“ಭಾಳ ಬ್ಯಾಡೋ,” ಅಂದ ಅವನು. “ನಿಲ್ಲಾಕ ಬರೂದಿಲ್ಲ ನಿನಗ, ಹೊಡೀತಾನಂತ! ವಾಲ್ವ ಬಂದ್ ಮಾಡೀನಿ. ಆ ಅಮರ್‌ನ್ನ ಟ್ಯಾಂಕರ್ ಗಾಲಿಗೆ ಕಟ್ಟೀನಿ. ಮೂಗ ಸೋರಾಕತ್ತದ, ಸಾಯಾಂಗಿಲ್ಲ.”

“ನಿನ್ನ ಹೆಸರೇನಪಾ?” ಕೇಳಿದಳು ಅಕ್ಕ.

ಅವನು ಟಾಮಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

“ಹುಸೇನಪ್ಪ ಅಂತಾರ್ರಿ. ಸಿಂದಗಿ ಕಡ್ಯಾಂವ. ಹನ್ನೊಂದ ತಿಂಗಳಾತು, ಯಾರೂ ಹೆಸರ ಕೇಳಿಲ್ರಿ. ಇವರಿಗೆ ಬರೇ ಅಣ್ಣಾ... ಅಣ್ಣಾ, ಅಷ್ಟ.”

“ನಮ್ಮನ್ನ ಯಾಕ ಉಳಿಸಿದಿ?”

“ಎಣ್ಣಿ ಕದ್ದೀನ್ರಿ ಅವ್ವಾರ. ಅದಕ್ಕ ಜೇಲ ಅಂದ್ರ ಕುಂಡ್ರತೀನಿ. ಹೆಣಮಕ್ಕಳ ಹೆಣದಾಗ ನನಗ ಪಾಲ ಬ್ಯಾಡ್ರಿ.” ಗಡ್ಡ ಕೆರೆದುಕೊಂಡ. “ಮತ್ತ ಇಂವ ಅಳೂದು ಕೇಳಿ ನಗು ಬಂತ್ರಿ. ಯಲ್ಲವ್ವಗ ನಾಕ ಗಾಲಿ ಹಚ್ಚಿದ ಮಗಾ ಇಂವ! ನಗಿಸಿದಾಂವನ್ನ ಸುಡೂದು ಹೆಂಗರಿ?”

ದೂರ ದೌಂಡದ ಕಡೆಯಿಂದ ರೈಲು ಕೂಗಿತು. ಅಕ್ಕ ಆ ಕಡೆ ನೋಡಿದಳು. ಅವನನ್ನು ನೋಡಿದಳು.

“ಈ ಕಾಲುವಿ ಹಿಡದು ಹೋಗು. ಎಡಕ್ಕ ಸ್ಟೇಷನ್ನು. ಸೊಲ್ಲಾಪುರದ ಗಾಡಿ ಸಿಗ್ತದ.”

“ಅಕ್ಕಾರ,” ಅಂದೆ ನಾನು. “ಅಂವ ಕಳ್ಳ ಇದ್ದಾನ್ರಿ.”

“ಗೊತ್ತದ. ನಿನಗೇನು, ಪೇಪರ್‌ನಾಗ ಹಾಕಸೂದದ ಏನು?”

ಹುಸೇನಪ್ಪ ಟಾಮಿಯನ್ನು ನನ್ನ ಕಾಲ ಬಳಿ ಇಟ್ಟ. ಅಕ್ಕನಿಗೆ ಕೈಮುಗಿದ. ಹತ್ತು ಹೆಜ್ಜೆ ನಡೆದದ್ದು ಕಂಡಿತು. ಆಮೇಲೆ ಒಣ ಕಾಲುವೆಯಲ್ಲಿ ಕತ್ತಲಷ್ಟೇ ಉಳಿಯಿತು.

ಪೊಲೀಸರು ಬಂದರು. ಋಷಿಕೇಶನನ್ನು ಸ್ಟ್ರೆಚರಿಗೆ ಹಾಕಿದರು, ಅಮರನನ್ನು ಜೀಪಿಗೆ. ನನ್ನ ತೋಳಿಗೆ ದೌಂಡದ ಆಸ್ಪತ್ರೆಯಲ್ಲಿ ಇಪ್ಪತ್ತಾರು ಹೊಲಿಗೆ. ಬೆಳಿಗ್ಗೆ ಮೂವರನ್ನೂ ಠಾಣೆಯಲ್ಲಿ ಕೂರಿಸಿದರು. ಇನ್‌ಸ್ಪೆಕ್ಟರ್ ಮಂಜರಿ ಮೇಡಂ. ಚುರುಕು ಹೆಂಗಸು. ಮುಂದಿನ ಮಾತೂ ಮರಾಠಿಯೇ, ಕನ್ನಡದಲ್ಲಿ ಹೇಳುತ್ತೇನೆ.

“ಮೂರನೆಯವನೊಬ್ಬ ಇದ್ದ,” ಅಂದಳು. “ಡ್ರೈವರ್. ಅವರಿಬ್ಬರೂ ಒಪ್ಪಿದ್ದಾರೆ. ಹೆಸರು ಮಾತ್ರ ಅಣ್ಣಾ ಅಂತಷ್ಟೇ ಗೊತ್ತಂತೆ. ಈ ಜಿಲ್ಲೆಯಲ್ಲಿ ಎಷ್ಟು ಅಣ್ಣಾ ಇದ್ದಾರೆ ಗೊತ್ತೇ? ನೋಡಲು ಹೇಗಿದ್ದ ಅವನು?”

ನಾನು ತೋಳು ಹಿಡಿದುಕೊಂಡು ನರಳಿದೆ. ಇಂಪನಾ ನೆಲ ನೋಡಿದಳು. ಮೇಡಂ ಅಕ್ಕನ ಕಡೆ ತಿರುಗಿದಳು.

“ನೀವು ಹೇಳಿ. ಅಷ್ಟು ಹೊತ್ತು ಅವರ ನಡುವೆಯೇ ಇದ್ದಿರಿ.”

“ಕತ್ತಲಿತ್ತು ಮೇಡಂ.”

“ಹೈ-ಬೀಮ್ ಬಿದ್ದಾಗ?”

“ಕಣ್ಣು ಮುಚ್ಚಿಕೊಂಡಿದ್ದೆ.”

ಮೇಡಂ ಪೆನ್ನು ಕೆಳಗಿಟ್ಟಳು. ಎದುರಿಗೆ ನಮ್ಮ ಜಬಾನಿ, ಅಂದರೆ ನಾವು ಬರೆಸಿದ ಹೇಳಿಕೆಯ ಕಾಗದ. ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಹದಿನೇಳು ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರಗಳನ್ನು ನೋಡಿದೆ ಅಂತ ನೀವೇ ಬರೆಸಿದ್ದೀರಿ. ಅದು ಕಂಡಿತು. ನಾಲ್ಕು ಅಡಿ ದೂರ ನಿಂತ ಗಂಡಸು ಕಾಣಲಿಲ್ಲವೇ?”

ಅಕ್ಕ ಕುತ್ತಿಗೆಯ ಪಟ್ಟಿ ಸರಿಮಾಡಿಕೊಂಡಳು. ಕನ್ನಡಕ ಒರೆಸಿ ಹಾಕಿಕೊಂಡಳು.

“ಇಲ್ಲ ಮೇಡಂ,” ಅಂದಳು. “ಅವನು ಹೊಳೆಯುತ್ತಿರಲಿಲ್ಲ.”